ಬೇಡವಾದವರ ಪರವಾಗಿ ನಾಲ್ಕು ಮಾತು

ನಮ್ಮ ಬೀದಿಯ ಮೂಲೆಮನೆಯ ಹುಲ್ಲುಹಾಸಿನ ಮೇಲೆ ಇವತ್ತು ಬೆಳಗ್ಗೆ ಎರಡು ಬೋರ್ಡುಗಳು ಎದ್ದಿದ್ದವು. ಕಾರು ಬರುವ ಡ್ರೈವ್‌ವೇಯ ಎಡಕ್ಕೆ ಒಬ್ಬ ಅಭ್ಯರ್ಥಿಯ ಹೆಸರು, ಬಲಕ್ಕೆ ಎದುರಾಳಿಯ ಹೆಸರು. ಆ ಮನೆಯಲ್ಲಿರುವುದು ಗಂಡ ಹೆಂಡತಿ ಇಬ್ಬರೇ. ವಾಕಿಂಗ್ ಹೊರಟಿದ್ದ ನಾನು ನಿಂತು ನೋಡಿದೆ. ಇಬ್ಬನಿ ಬಿದ್ದ ಹುಲ್ಲಿನ ವಾಸನೆಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಸೇರಿಕೊಂಡು ಮೂಗಿಗೆ ಬಂತು. ನಿಮಗೆ ನಗು ಬರಬಹುದು, ಆದರೆ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಎಂದರೆ ನನ್ನ ಮಟ್ಟಿಗೆ ಇದೇ ವಾಸನೆ. ಅದು ಮೂಗಿಗೆ ತಾಕಿದರೆ ಸಾಕು, ಪರೀಕ್ಷೆ ಹತ್ತಿರ ಬಂದಾಗಿನ ಗಡಿಬಿಡಿ ಶುರುವಾಗುತ್ತದೆ.

ನಾನು ಇಲ್ಲಿ ಮೊದಲ ಸಲ ವೋಟು ಹಾಕಿದ ವರ್ಷ ಆ ಗಡಿಬಿಡಿ ವಿಪರೀತವಾಗಿತ್ತು. ನಾನು ಮತ್ತು ನನ್ನ ಗಂಡ ರವಿ ಒಂದೇ ದಿನ ಪೌರತ್ವದ ಪ್ರಮಾಣ ಮಾಡಿದ್ದೆವು. ಅಲ್ಲಿ ಕೊಟ್ಟ ಅಂಗೈಯಗಲದ ಬಾವುಟವನ್ನು ತಂದು ಅಡುಗೆಮನೆ ಕಿಟಕಿಯಲ್ಲಿದ್ದ ಕೊತ್ತಂಬರಿ ಕುಂಡಕ್ಕೆ ಸಿಕ್ಕಿಸಿದ್ದೆ. ಮೈಸೂರಿನಲ್ಲಿದ್ದಾಗ ನಾನು ವೋಟು ಹಾಕಿದ್ದು ಅಪ್ಪ ಹೇಳಿದ ಗುರುತಿಗೆ. ಅವರು ಕಾರಣ ಹೇಳುತ್ತಿರಲಿಲ್ಲ, ನಾನು ಕೇಳುತ್ತಲೂ ಇರಲಿಲ್ಲ. ಈ ಸಲ ಮಾತ್ರ ನನ್ನ ತಲೆ ಉಪಯೋಗಿಸಿಯೇ ತೀರುವುದು ಎಂದು ಹಟ ತೊಟ್ಟೆ.

ರವಿ ರೈಲು ಹಿಡಿದು ನ್ಯೂಯಾರ್ಕಿನ ಆಫೀಸಿಗೆ ಹೋದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆ. ಇಬ್ಬರು ಅಭ್ಯರ್ಥಿಗಳ ನಿಲುವುಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಜಾಲತಾಣಗಳು ಬೇಕಾದಷ್ಟಿದ್ದವು. ತೆರಿಗೆ, ಆರೋಗ್ಯ ವಿಮೆ, ವಲಸೆ, ಶಾಲೆ, ಬಂದೂಕು. ಎಡಗಡೆಯದನ್ನು ಓದಿದಾಗ ಎಷ್ಟು ನ್ಯಾಯವಾಗಿದೆ ಅನ್ನಿಸುತ್ತಿತ್ತು. ಬಲಗಡೆಯದನ್ನು ಓದಿದರೆ ಅದೂ ನ್ಯಾಯವೇ. ಸೀರೆ ಅಂಗಡಿಯಲ್ಲಿ ಕೂತು ಎರಡು ಸೀರೆಯ ಸೆರಗನ್ನೂ ಬಿಡದೆ ಹಿಡಿದುಕೊಂಡ ಹೆಂಗಸಿನ ಹಾಗಾಯಿತು ನನ್ನ ಸ್ಥಿತಿ. ಕೊನೆಗೆ, ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ನಿಮ್ಮ ಅಭ್ಯರ್ಥಿ ಯಾರೆಂದು ನಾವೇ ಹೇಳುತ್ತೇವೆ ಎನ್ನುವ ಒಂದು ಕ್ವಿಜ್ ಸಿಕ್ಕಿತು. ಅರ್ಧ ಗಂಟೆ ಶ್ರದ್ಧೆಯಿಂದ ಉತ್ತರಿಸಿದೆ. ಅದು ಈ ಇಬ್ಬರನ್ನೂ ಬಿಟ್ಟು, ನಾನು ಹೆಸರೇ ಕೇಳದ ಮೂರನೆಯವರೊಬ್ಬರನ್ನು ತೋರಿಸಿತು. ರವಿ ಎರಡು ದಿನ ನಕ್ಕ.

ರವಿಗೆ ಇಂಥ ಗೊಂದಲಗಳಿರಲಿಲ್ಲ. ಅವನ ಅಭ್ಯರ್ಥಿ ಮೊದಲೇ ನಿಶ್ಚಯವಾಗಿತ್ತು. ಅವನ ಗೆಳೆಯ ನಾಗರಾಜನದೂ ನಿಶ್ಚಯವಾಗಿತ್ತು, ಎದುರುಗಡೆಯವರು. ಈ ನಾಗರಾಜನ ವಿಷಯ ಹೇಳಬೇಕು. ಇಬ್ಬರೂ ಹೊಸದಾಗಿ ಅಮೆರಿಕಕ್ಕೆ ಬಂದಾಗ ಜರ್ಸಿ ಸಿಟಿಯಲ್ಲಿ ಒಂದೇ ಕೋಣೆಯಲ್ಲಿದ್ದವರು. ಒಂದೇ ಚಳಿಗಾಲದ ಕೋಟನ್ನು ಸರದಿಯ ಮೇಲೆ ಹಾಕಿಕೊಂಡವರು. ಮದುವೆಯಾದ ಮೇಲೂ ವಾರಕ್ಕೊಮ್ಮೆ ನಾಗರಾಜ ನಮ್ಮನೆಯಲ್ಲಿ ಉಣ್ಣದಿದ್ದರೆ ರವಿಗೆ ಊಟ ಸೇರುತ್ತಿರಲಿಲ್ಲ. ನನ್ನನ್ನು ಅವನು ಅತ್ತಿಗೆ ಎಂದೇ ಕರೆಯುತ್ತಿದ್ದ.

ಆ ವರ್ಷ ನವರಾತ್ರಿಗೆ ನಮ್ಮನೆಯಲ್ಲಿ ಗೊಂಬೆ ಕೂರಿಸಿದ್ದೆವು. ಒಂದು ಮಧ್ಯಾಹ್ನ ಬೇಕಾದವರನ್ನೆಲ್ಲ ಊಟಕ್ಕೆ ಕರೆದಿದ್ದೆ. ಬಿಸಿಬೇಳೆಬಾತ್ ಬಡಿಸುತ್ತಿರುವಾಗ ಯಾರೋ ನಾಗರಾಜನನ್ನು, "ಹೂಂ, ನಿಮ್ಮ ವೋಟು ಯಾರಿಗಪ್ಪ?" ಎಂದು ಕೇಳಿದರು. ಅವನು ಹೇಳಿದ. ರವಿ, "ಮೆದುಳಿರೋರು ಯಾರಾದ್ರೂ ಆ ಮನುಷ್ಯನಿಗೆ ವೋಟ್ ಹಾಕ್ತಾರೇನೋ?" ಎಂದುಬಿಟ್ಟ. ತಮಾಷೆಯ ಧಾಟಿಯಲ್ಲೇ ಶುರುವಾದದ್ದು. ಆದರೆ ನಾಗರಾಜನ ಮುಖ ಕೆಂಪಾಯಿತು. "ನಿಮ್ಮೋರು ಮಹಾ ಸಾಚಾನಾ?" ಎಂದ. ದನಿಗಳು ಏರಿದವು. ಗೊಂಬೆ ನೋಡಲು ಬಂದ ಮಕ್ಕಳು ಗೊಂಬೆ ಬಿಟ್ಟು ಇವರನ್ನು ನೋಡತೊಡಗಿದರು. "ಇಷ್ಟು ವರ್ಷ ಜೊತೇಲಿದ್ದು ನೀನು ಇಂಥೋನು ಅಂತ ಗೊತ್ತಾಗ್ಲಿಲ್ಲ" ಎಂದು ರವಿ ಹೇಳಿದ್ದೇ, ನಾಗರಾಜ ತಟ್ಟೆಯನ್ನು ಮೇಜಿನ ಮೇಲಿಟ್ಟು, ಕೈಯನ್ನೂ ತೊಳೆಯದೆ ಹೊರಟುಹೋದ.

ಅವನ ಕಾರು ಹೋದ ಸದ್ದು ಕೇಳಿದ ಮೇಲೆ ಮೊದಲು ಮಾತಾಡಿದವರು ಜುಬೇದಾ ಮೇಡಂ.

ಅವರು ಮೈಸೂರಿನ ಹೈಸ್ಕೂಲೊಂದರಲ್ಲಿ ಪೌರನೀತಿ ಕಲಿಸಿ ನಿವೃತ್ತರಾದವರು. ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಮಗಳ ಮನೆಯಲ್ಲಿದ್ದರು. ಆ ವರ್ಷವೇ ಅವರಿಗೂ ಪೌರತ್ವ ಬಂದಿತ್ತು. ಹಪ್ಪಳ ಮುರಿಯುತ್ತ ಅವರು ಹೇಳಿದರು: "ರವಿ, ನಾನು ಆಗ್ಲಿಂದ ಕೇಳಿಸ್ಕೊಂಡೆ. ನೀವಿಬ್ಬರೂ ಆ ಇಬ್ಬರ ಹೆಸರನ್ನ ಎಷ್ಟೋ ಸಲ ಹೇಳಿದ್ರಿ. ಅಧಿಕಾರಕ್ಕೆ ಬಂದ್ರೆ ಅವರು ಏನು ಮಾಡ್ತಾರಂತೆ ಅನ್ನೋದು ಒಂದು ಸಲಾನೂ ಬರ್ಲಿಲ್ಲ."

ರವಿ ತಲೆ ತಗ್ಗಿಸಿ ಅನ್ನ ಕಲಸಿದ.

ಅವರು ಅಷ್ಟಕ್ಕೆ ಬಿಡುವ ಹೆಂಗಸಲ್ಲ. ಮರುದಿನ ನನ್ನನ್ನು ಕರೆದುಕೊಂಡು ಹೋಗಿ ಊರಿನ ಲೈಬ್ರರಿಯಲ್ಲಿ ಭಾನುವಾರ ಮಧ್ಯಾಹ್ನಕ್ಕೆ ಒಂದು ಕೋಣೆ ಕಾದಿರಿಸಿದರು. ಅಭ್ಯರ್ಥಿಗಳ ನಿಲುವುಗಳ ಮೇಲೆ ಚರ್ಚೆ, ಕಾಫಿ ಕೋಡುಬಳೆ ಉಂಟು ಎಂದು ಗುರುತಿನವರಿಗೆಲ್ಲ ಸುದ್ದಿ ಕಳಿಸಿದೆವು. ಆಮೇಲೆ ಮೇಡಂ ರವಿಗೂ ನಾಗರಾಜನಿಗೂ ತಾವೇ ಫೋನು ಮಾಡಿ ನಿಯಮ ತಿಳಿಸಿದರು. ಪ್ರತಿಯೊಬ್ಬರೂ ತಮಗೆ ಬೇಡವಾದ ಅಭ್ಯರ್ಥಿಯ ಪರವಾಗಿ ಮಾತಾಡಬೇಕು. ಅದೂ ಹೇಗೆ? ಆ ಅಭ್ಯರ್ಥಿಯನ್ನು ನಿಜವಾಗಿ ಮೆಚ್ಚುವವರು ಕೇಳಿದರೆ, ಹೌದು, ನಾನು ಹೇಳಬೇಕೆಂದಿದ್ದು ಇದನ್ನೇ ಅನ್ನಬೇಕು. ವ್ಯಂಗ್ಯ ಕೂಡದು.

"ಮೇಡಂ, ಆ ಕಡೆಯವರ ವಾದ ನನಗೆ ಹ್ಯಾಗೆ ಗೊತ್ತಾಗ್ಬೇಕು?" ಎಂದು ರವಿ ಕೇಳಿದ.

"ನಿಮಗೆ ಗೊತ್ತಿಲ್ದೆ ಇದ್ರೆ ಗೊತ್ತಿರೋರ ಮನೆಗೆ ಹೋಗಿ ಕೇಳಿ. ದೂರ ಏನಿಲ್ವಲ್ಲ."

ಮೂರು ದಿನ ರವಿ ಹೋಗಲಿಲ್ಲ. ನಾಲ್ಕನೆಯ ದಿನ ನಾಗರಾಜನೇ ನಮ್ಮನೆ ಬಾಗಿಲು ಬಡಿದ. "ಅತ್ತಿಗೆ, ನಾನು ಊಟಕ್ಕೆ ಬಂದಿಲ್ಲ, ಪ್ರಿಪೇರ್ ಮಾಡೋಕೆ ಬಂದೆ" ಎಂದು ಬಿಗಿಯಾಗಿ ಹೇಳಿ ಸೋಫಾದ ತುದಿಯಲ್ಲಿ ಕೂತ. ರವಿ ಎದುರಿಗೆ ಕೂತ. ಸೊಸೈಟಿಯ ಇಬ್ಬರು ಆಡಿಟರುಗಳು ಭೇಟಿಯಾದ ಹಾಗಿತ್ತು.

"ಹೇಳು, ಆರೋಗ್ಯ ವಿಮೆ ವಿಷಯದಲ್ಲಿ ನಿಮ್ಮೋರೇ ಯಾಕೆ ಸರಿ?" ಎಂದು ನಾಗರಾಜ ಕೇಳಿದ.

ರವಿ ನನ್ನ ಮುಖ ನೋಡಿದ. ನಾನು ಹೇಳು ಎನ್ನುವಂತೆ ತಲೆಯಾಡಿಸಿದೆ. ಅದಕ್ಕೂ ಕೆಲವು ವರ್ಷಗಳ ಹಿಂದೆ ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತ್ತು. ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು. ಅದೇ ವಾರ ರವಿಯ ಕಂಪನಿ ಅವನಿದ್ದ ವಿಭಾಗವನ್ನೇ ಮುಚ್ಚಿತು. ಕೆಲಸದ ಜೊತೆ ವಿಮೆಯೂ ಹೋಯಿತು. ಮುಂದುವರಿಸಿಕೊಳ್ಳಲು ಕಟ್ಟಬೇಕಾಗಿದ್ದ ಕಂತನ್ನು ನೋಡಿ ನಾನೇ ಆಪರೇಷನ್ ಮುಂದಕ್ಕೆ ಹಾಕಿಸಿದೆ. ಅವನಿಗೆ ಹೊಸ ಕೆಲಸ ಸಿಗುವ ತನಕ ದಿನಾ ಬೆಳಗ್ಗೆ ಕನ್ನಡಿ ಮುಂದೆ ನಿಂತು ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕೊನೆಗೆ ಅದು ನಿರಪಾಯದ ಗಂಟೇ ಆಗಿತ್ತು. ಆದರೆ ಕಾಯುತ್ತಿದ್ದಾಗ ಅದು ನಮಗೆ ಗೊತ್ತಿರಲಿಲ್ಲವಲ್ಲ. ನಾವು ಯಾರಿಗೂ ಹೇಳಿರಲಿಲ್ಲ. ರವಿ ಅವತ್ತು ಇದನ್ನೆಲ್ಲ ಹೇಳಿದ.

ನಾಗರಾಜ ನನ್ನನ್ನೊಮ್ಮೆ ನೋಡಿ ರವಿಯ ಕಡೆ ತಿರುಗಿದ. "ಆಗ್ಲೂ ನಾನು ವಾರ ವಾರ ಬಂದು ನಿಮ್ಮನೇಲಿ ಉಂಡೆನಲ್ಲೋ. ಅತ್ತಿಗೆ ಬಡಿಸ್ತಾ ಇದ್ರು. ಒಂದು ಮಾತು ಹೇಳ್ಲಿಲ್ವಲ್ಲ."

"ಹೇಳಿದ್ರೆ ನೀನು ದುಡ್ಡು ತಗೊಂಡು ಬರ್ತಿದ್ದೆ. ಅದಕ್ಕೇ ಹೇಳ್ಲಿಲ್ಲ."

ಮರುದಿನ ರವಿ ಕ್ರ್ಯಾನ್‌ಬರಿ ಎಂಬ ಊರಿಗೆ ಡ್ರೈವ್ ಮಾಡಿಕೊಂಡು ಹೋದ. ಅಲ್ಲಿನ ಗೋದಾಮುಗಳ ಸಾಲಿನಲ್ಲಿ ನಾಗರಾಜನ ಪುಟ್ಟ ಘಟಕವಿತ್ತು. ಕೆಲಸ ಬಿಟ್ಟು ಅದನ್ನು ಶುರುಮಾಡಿದ್ದ. ಊರಿನ ಮಸಾಲೆಗಳನ್ನು ತರಿಸಿ, ಪೊಟ್ಟಣ ಕಟ್ಟಿ, ಅಂಗಡಿಗಳಿಗೆ ಕಳಿಸುವ ವ್ಯಾಪಾರ. ಸಂಜೆ ವಾಪಸು ಬಂದ ರವಿಯ ಮೈಯೆಲ್ಲ ಇಂಗಿನ ವಾಸನೆ. "ನಾನೂ ಪೊಟ್ಟಣ ಕಟ್ಟಿದೆ ಕಣೆ" ಎಂದ. ಅವನ ಮುಖದಲ್ಲಿ ಏನೋ ಉತ್ಸಾಹ. "ಅವನು ಲೇಬಲ್ಲೆಲ್ಲಾ ಪ್ರಿಂಟ್ ಮಾಡಿಸಿಟ್ಟಿದ್ದ, ಅಷ್ಟರಲ್ಲಿ ರೂಲ್ ಬದಲಾಯ್ತಂತೆ, ಎಲ್ಲ ಕಸಕ್ಕೆ. ಇನ್ನಿಬ್ಬರಿಗೆ ಕೆಲಸ ಕೊಡೋ ಆಸೆ, ಆದ್ರೆ ಮುಂದಿನ ವರ್ಷ ಟ್ಯಾಕ್ಸ್ ಎಷ್ಟಾಗುತ್ತೋ ಅಂತ ಹೆದರಿಕೆ. ನಾನು ಅವನನ್ನ ಸ್ವಾರ್ಥಿ ಅಂದ್ಕೊಂಡಿದ್ದೆ. ಪಾಪ, ಅವನೇ ನೆಲ ಒರೆಸ್ತಾನೆ."

ಆ ಭಾನುವಾರ ಲೈಬ್ರರಿಯ ಕೋಣೆ ತುಂಬಿ ಕೆಲವರು ಗೋಡೆಗೆ ಒರಗಿ ನಿಂತರು. ಕಾಫಿ ಫ್ಲಾಸ್ಕು ಕಾಯುವ ಕೆಲಸ ನನ್ನದು. ನಿಜ ಹೇಳುತ್ತೇನೆ, ನನ್ನ ಮದುವೆಯ ದಿನವೂ ನಾನು ಅಷ್ಟು ಹೆದರಿರಲಿಲ್ಲ.

ಮೊದಲು ಎದ್ದವನು ನಾಗರಾಜ. ರವಿಯ ಅಭ್ಯರ್ಥಿಯ ಪರವಾಗಿ ಮಾತಾಡಿದ. ವಿಮೆಯ ಯೋಜನೆಯನ್ನು ವಿವರಿಸಿದ. ಆಮೇಲೆ ದನಿ ತಗ್ಗಿಸಿ, "ನನಗೆ ಗೊತ್ತಿರೋ ಒಬ್ಬ ಹೆಣ್ಣುಮಗಳು" ಎಂದು ಶುರುಮಾಡಿದ. ಹೆಸರು ಹೇಳಲಿಲ್ಲ, ನನ್ನ ಕಡೆ ನೋಡಲಿಲ್ಲ. ಕನ್ನಡಿ ಮುಂದೆ ನಿಲ್ಲುತ್ತಿದ್ದ ಆ ಹೆಂಗಸಿಗೆ ಅಷ್ಟು ದಿನ ನಿದ್ದೆ ಹೇಗೆ ಬಂದಿರಬಹುದು ಎಂದು ಕೇಳಿದ. ನಾನು ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದೆ. ನನ್ನ ಭಯವನ್ನು ಇನ್ನೊಬ್ಬರು ಅಷ್ಟು ಜೋಪಾನವಾಗಿ ಎತ್ತಿ ಹಿಡಿದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ರವಿ ಎದ್ದು ನಾಗರಾಜನ ಅಭ್ಯರ್ಥಿಯ ತೆರಿಗೆ ಯೋಜನೆ ಹೇಳಿದ. ನಿಯಮಗಳನ್ನು ಯಾಕೆ ಕಡಿಮೆ ಮಾಡಬೇಕು ಎಂದು ಹೇಳಿದ. "ಸಣ್ಣ ವ್ಯಾಪಾರ ಮಾಡೋ ಇವರು ಯಾರ ಹತ್ರಾನೂ ಏನೂ ಕೇಳ್ತಾ ಇಲ್ಲ. ಮೇಲೆ ಏಳೋಕೆ ಹೊರಟಾಗ ಹೆಗಲ ಮೇಲೆ ಕೂರಬೇಡಿ ಅಂತಾರೆ, ಅಷ್ಟೆ" ಎಂದ. ಹಿಂದಿನ ಸಾಲಿನಲ್ಲಿದ್ದ ನಾಗರಾಜ ತನಗೇ ಗೊತ್ತಿಲ್ಲದೆ, "ಕರೆಕ್ಟ್, ಅದೇ ನಾನು ಹೇಳೋದು" ಎಂದ. ಕೋಣೆಯೆಲ್ಲ ಚಪ್ಪಾಳೆ.

ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ಕಾಯುವವರ ವಿಷಯ ಬಂದಾಗ ಇನ್ನೊಂದು ಮಜಾ ಆಯಿತು. ಇಬ್ಬರೂ ತಮ್ಮ ತಮ್ಮ ಅಭ್ಯರ್ಥಿ ಅದನ್ನು ಸರಿಮಾಡುತ್ತಾರೆ ಎಂದು ನಂಬಿದ್ದರು. ಎದುರಾಳಿಯ ಪರ ಓದಲು ಕೂತಾಗ ಇಬ್ಬರದನ್ನೂ ಸರಿಯಾಗಿ ಓದಿದ್ದರಲ್ಲ, ಆಗ ಗೊತ್ತಾಯಿತು, ಇವರೂ ಖಚಿತವಾಗಿ ಏನೂ ಹೇಳಿಲ್ಲ, ಅವರೂ ಹೇಳಿಲ್ಲ. "ಇದೊಂದರಲ್ಲಿ ನಾವಿಬ್ಬರೂ ಒಟ್ಟಿಗೆ ಮೋಸ ಹೋದ್ವಿ" ಎಂದು ನಾಗರಾಜ ಹೇಳಿದಾಗ ನಕ್ಕವರಲ್ಲಿ ರವಿಯದೇ ದೊಡ್ಡ ದನಿ.

ಪಾರ್ಕಿಂಗ್ ಲಾಟಿನಲ್ಲಿ ಇಬ್ಬರೂ ಕಾರಿಗೆ ಒರಗಿ ನಿಂತರು.

"ನನ್ನ ವೋಟೇನೂ ಬದಲಾಗಲ್ಲ ಕಣೋ" ಎಂದ ನಾಗರಾಜ.

"ನಂದೂ ಇಲ್ಲ."

"ಸರಿ, ಊಟಕ್ಕೆ ಏನಿದೆ?"

ಮತದಾನದ ದಿನ ಒಂದೇ ವ್ಯಾನಿನಲ್ಲಿ ಹೋದೆವು, ಜುಬೇದಾ ಮೇಡಂ ಮುಂದಿನ ಸೀಟಿನಲ್ಲಿ. ಮೈಸೂರಿನಲ್ಲಿದ್ದಾಗ ಅವರು ಪ್ರತಿ ಚುನಾವಣೆಯಲ್ಲೂ ಮತಗಟ್ಟೆಯ ಡ್ಯೂಟಿ ಮಾಡಿ, ಅದೆಷ್ಟು ಬೆರಳಿಗೆ ಶಾಯಿ ಹಚ್ಚಿದ್ದರೋ. ಇಲ್ಲಿ ವೋಟು ಹಾಕಿ ಹೊರಗೆ ಬಂದವರು ಎಡಗೈ ತೋರುಬೆರಳನ್ನೇ ನೋಡುತ್ತ ನಿಂತರು. "ಶಾಯಿ ಹಚ್ಚೋದೇ ಇಲ್ವಾ? ವೋಟು ಹಾಕಿದೀನಿ ಅನ್ನಿಸ್ತಾನೇ ಇಲ್ಲ." ನಾಗರಾಜ ಜೇಬಿನಿಂದ ಪೆನ್ನು ತೆಗೆದು, ಅವರ ಬೆರಳು ಹಿಡಿದು, ಉಗುರಿನಿಂದ ಚರ್ಮದ ತನಕ ಒಂದು ಗೆರೆ ಎಳೆದ. ಮೇಡಂ ಕೈಯನ್ನು ಬಿಸಿಲಿಗೆ ಹಿಡಿದು ಪರೀಕ್ಷಿಸಿ, "ಗೆರೆ ನೆಟ್ಟಗಿಲ್ಲ, ಆದ್ರೂ ನಡೆಯುತ್ತೆ" ಎಂದರು.

ಗೆದ್ದವರು ಯಾರು ಎಂದು ನಾನು ಹೇಳುವುದಿಲ್ಲ. ಒಬ್ಬರ ಮನೆಯಲ್ಲಿ ಪಾಯಸ ಆಯಿತು, ಇನ್ನೊಬ್ಬರು ಬಂದು ಸುಮ್ಮನೆ ಉಂಡು ಹೋದರು, ಅಷ್ಟು ಸಾಕು. ನಾನು ಯಾರಿಗೆ ಹಾಕಿದೆ ಎಂಬುದು ರವಿಗೆ ಇವತ್ತಿಗೂ ಗೊತ್ತಿಲ್ಲ. ಜುಬೇದಾ ಮೇಡಂ ಈಗ ಮಗಳ ಜೊತೆ ಬಾಸ್ಕಿಂಗ್ ರಿಡ್ಜ್ ಎಂಬ ಊರಿನಲ್ಲಿದ್ದಾರೆ, ಫೋನು ಮಾಡಿದರೆ ಮೊದಲು ಕೇಳುವುದು ಚರ್ಚೆ ಯಾವಾಗ ಎಂದೇ.

ವಾಕಿಂಗ್ ಮುಗಿಸಿ ಬಂದರೆ ಆಗ ಪುಟ್ಟ ಹುಡುಗಿಯಾಗಿದ್ದ ನಮ್ಮ ಮಗಳು ಅನನ್ಯಾ ಅಡುಗೆಮನೆಯಲ್ಲಿ ಹಾಲಿಗೆ ಸೀರಿಯಲ್ ಹಾಕಿಕೊಂಡು ತಿನ್ನುತ್ತಿದ್ದಳು. ಕಾಲೇಜಿಗೆ ರಜೆ. ಈ ಸಲ ಅವಳಿಗೆ ಮೊದಲ ವೋಟು. ಕಾಫಿಗೆ ಒಲೆ ಹೊತ್ತಿಸುತ್ತ ಯಾರಿಗೆ ಎಂದು ಕೇಳಿದೆ. ತಲೆಯೆತ್ತದೆ ಹೇಳಿದಳು. ನಾನು ಯಾರನ್ನು ಬೇಡ ಎಂದು ನಿರ್ಧರಿಸಿದ್ದೆನೋ ಅವರ ಹೆಸರು. ಬಾಯಿಗೆ ಬಂದ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಅದು ಒಳ್ಳೆಯ ಮಾತೂ ಆಗಿರಲಿಲ್ಲ.

"ಡೋಂಟ್ ಸ್ಟಾರ್ಟ್, ಅಮ್ಮಾ" ಎಂದಳು.

ಒಲೆ ಆರಿಸಿದೆ. ಕುರ್ಚಿ ಎಳೆದು ಅವಳ ಎದುರಿಗೆ ಕೂತೆ.

"ಇಲ್ಲ, ಜಗಳಕ್ಕಲ್ಲ. ಯಾಕೆ ಅಂತ ಹೇಳು, ಒಂದೊಂದಾಗಿ, ನಿಧಾನಕ್ಕೆ. ಸಂಜೆ ಅಪ್ಪ ಬಂದು ಬೈಯೋಕೆ ಶುರು ಮಾಡಿದ್ರೆ ನಿನ್ನ ಪರವಾಗಿ ನಾನು ಮಾತಾಡ್ಬೇಕಲ್ಲ."

ಅವಳು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದಳು. ಆಮೇಲೆ, "ಓಕೆ. ಸೋ, ಹೌಸಿಂಗ್‌ನಿಂದ ಸ್ಟಾರ್ಟ್ ಮಾಡ್ತೀನಿ" ಎಂದಳು. ಅವಳು ನನಗೆ ಕನ್ನಡದ ಕ್ರಿಯಾಪದವೊಂದನ್ನು ಬಳಸಿ ಉತ್ತರ ಕೊಟ್ಟು ಎಷ್ಟೋ ವರ್ಷಗಳಾಗಿದ್ದವು. ನಾನು ಕೇಳಿಸಿಕೊಳ್ಳುತ್ತ ಹೋದೆ. ಎರಡು ಕಡೆ ಅವಳು ಹೇಳುವುದು ಸರಿ ಅನ್ನಿಸಿತು. ಒಂದು ಕಡೆ ಖಂಡಿತ ತಪ್ಪು. ಆ ತಪ್ಪನ್ನೂ ಸಂಜೆ ಅವಳಿಗಿಂತ ಚೆನ್ನಾಗಿ ಹೇಗೆ ಸಮರ್ಥಿಸಬಹುದು ಎಂದು ನಾನಾಗಲೇ ಯೋಚಿಸತೊಡಗಿದ್ದೆ.