ನಮ್ಮ ಹಿತ್ತಲಿನ ಒಗೆಯುವ ಕಲ್ಲು

ಕೊಲ್ಲಿ ದೇಶದ ಶುಐಬಾದ ಆಫೀಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ ಅಣ್ಣನ ವಾಟ್ಸಾಪ್ ಬಂತು. ಚಿನ್ನದ ಗಣಿಯ ಊರಿನಲ್ಲಿ ನಾವು ಹುಟ್ಟಿ ಬೆಳೆದ ಮನೆಯ ಹಿತ್ತಲಿಗೆ ಅವನು ಹೊಸ ಚರಂಡಿ ಹಾಕಿಸುತ್ತಿದ್ದ. ಅಡ್ಡವಾಗಿದ್ದ ಬಟ್ಟೆ ಒಗೆಯುವ ಕಲ್ಲನ್ನು ಕೆಲಸದವರು ಮಗುಚಿದ್ದರು. ಅಡಿಯ ತುಂಬ ಅಕ್ಷರ. 'ಯಾವ ಭಾಷೆ ಇದು? ಅಲ್ಲಿ ಅರಬ್ಬಿ ಬರೋರನ್ನ ಕೇಳು' ಎಂದು ಬರೆದಿದ್ದ.

ಅರಬ್ಬಿ ಅಲ್ಲವೆಂದು ನನಗೇ ಗೊತ್ತಾಯಿತು. ಎದುರು ಕೂತಿದ್ದ ಕೊಚ್ಚಿಯ ಸಹೋದ್ಯೋಗಿಗೆ ಫೋನ್ ಕೊಟ್ಟೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದವನು ಉಣ್ಣುವುದನ್ನೇ ಬಿಟ್ಟ.

"ದೀದಿ, ಇದು ಹೀಬ್ರೂ," ಎಂದ ಹಿಂದಿಯಲ್ಲಿ. "ನಾನು ಬೆಳೆದದ್ದು ಯೆಹೂದಿಗಳ ಬೀದಿಯ ಪಕ್ಕದಲ್ಲಿ. ಅವರ ಸ್ಮಶಾನದಲ್ಲಿ ಇಂಥವನ್ನ ಎಷ್ಟೋ ನೋಡಿದ್ದೀನಿ. ಇದು ಗೋರಿಯ ಕಲ್ಲು."

"ಬಟ್ಟೆ ಒಗೆಯೋ ಕಲ್ಲು ಭಾಯಿ ಅದು. ನಮ್ಮನೇದು!"

"ಕೆಳಗೆ ಇಂಗ್ಲಿಷೂ ಇರೋ ಹಾಗಿದೆ. ಮಣ್ಣು ತೊಳೆಯೋಕೆ ಹೇಳಿ."

ಇನ್ನೊಂದು ಫೋಟೋ ಬಂತು. ಹೆಸರಿದ್ದ ಮೂಲೆ ಒಡೆದುಹೋಗಿತ್ತು. ಉಳಿದದ್ದು ಇಷ್ಟು: ಪ್ರೀತಿಯ ಮಗಳು, ನಾಲ್ಕು ವರ್ಷ.

ಊಟದ ಡಬ್ಬಿ ಮುಚ್ಚಿಬಿಟ್ಟೆ. ಅದೇ ಕಲ್ಲಿನ ಮೇಲೆ ನನ್ನನ್ನು ನಿಲ್ಲಿಸಿ ಅಮ್ಮ ಸೀಗೆಪುಡಿ ಹಚ್ಚಿ ತಲೆ ಉಜ್ಜುತ್ತಿದ್ದಳು. ಕಣ್ಣುರಿಗೆ ನಾನು ಕಾಲು ಅಪ್ಪಳಿಸಿ ಅಳುತ್ತಿದ್ದೆ. ಕಾಲಡಿಯಲ್ಲಿ ಆಗಿನ ನನ್ನಷ್ಟೇ ವಯಸ್ಸಿನ ಮಗುವಿನ ಸಮಾಧಿಯ ಬರಹವಿತ್ತು.

ಅಮ್ಮ ಆಗ ವಿಸಿಟ್ ವೀಸಾದಲ್ಲಿ ಬಂದು ಅಬು ಹಲೀಫಾದ ನಮ್ಮ ಫ್ಲಾಟಿನಲ್ಲಿದ್ದಳು. ಹೇಳಬಾರದು ಎಂದುಕೊಂಡೇ ಮನೆಗೆ ಹೋದೆ. ಆದರೆ ಬಾಯಿ ತಡೆಯಲಿಲ್ಲ.

"ಒಗೆಯೋ ಕಲ್ಲು ಎಲ್ಲಿಂದ ಬಂದಿದ್ದಮ್ಮ?"

"ನಿಮ್ಮಪ್ಪ ತಂದಿದ್ದು," ಎಂದಳು, ಮೆಂತ್ಯ ಸೊಪ್ಪು ಬಿಡಿಸುತ್ತಾ. "ಗಣಿ ಮಣ್ಣಿನ ದಿಬ್ಬದ ಹತ್ರ ರಸ್ತೆ ಅಗಲ ಮಾಡೋವಾಗ ಕಲ್ಲು ಕಿತ್ತು ರಾಶಿ ಹಾಕಿದ್ರಂತೆ. ಬೇಕಾದೋರು ಹೊತ್ಕೊಂಡು ಹೋದ್ರು. ಯಾಕೆ?"

ಫೋಟೋ ತೋರಿಸಿ ಹೇಳಿದೆ. ಅವಳ ಕೈ ಸೊಪ್ಪಿನಲ್ಲೇ ನಿಂತಿತು.

"ಅಯ್ಯೋ ದೇವ್ರೇ! ನಿಮ್ಮ ಬಟ್ಟೆಯೆಲ್ಲ ಅದರ ಮೇಲೇ ಬಡಿದೆನಲ್ಲೇ!"

"ಅಪ್ಪನಿಗೆ ಅಕ್ಷರ ಕಂಡಿರಲಿಲ್ವಾ?"

ಅಮ್ಮ ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಒರಟು ಕಡೆ ಮೇಲಿದ್ರೆ ಕಾಲು ಜಾರಲ್ಲ ಅಂದಿದ್ರು. ಇನ್ನೇನೂ ಹೇಳಿರಲಿಲ್ಲ."

ಅಪ್ಪ ಈಗಿಲ್ಲ. ಅವರು ಓದಿದ್ದರೋ ಇಲ್ಲವೋ, ಯಾರನ್ನು ಕೇಳುವುದು? ಇಂಗ್ಲಿಷ್ ಅವರಿಗೆ ಚೆನ್ನಾಗಿ ಬರುತ್ತಿತ್ತು.

ಶುಕ್ರವಾರ ಅಣ್ಣ ಟೆಂಪೋದಲ್ಲಿ ಕಲ್ಲನ್ನು ದಿಬ್ಬದ ಹಿಂದಕ್ಕೆ ಒಯ್ದ. ಜಾಲಿಯ ಪೊದೆಗಳ ನಡುವೆ ಹಳೆಯ ಸ್ಮಶಾನದ ಒಂದು ತುಂಡು ಇನ್ನೂ ಉಳಿದಿತ್ತು. ಅಂಥವೇ ಕೆಲವು ಕಲ್ಲುಗಳು ವಾಲಿಕೊಂಡು ನಿಂತಿದ್ದವು. ಮಗುವಿನ ಜಾಗ ಯಾವುದೋ ತಿಳಿಯಲಿಲ್ಲ. ರಸ್ತೆ ಅದನ್ನು ನುಂಗಿತ್ತೇನೋ.

ವಿಡಿಯೋ ಕಾಲಿನಲ್ಲಿ ಅಮ್ಮ ತಾನೇ ನಿಂತು ಮಾಡಿಸುವವಳಂತೆ ಹೇಳುತ್ತಿದ್ದಳು. "ಮಲಗಿಸಬೇಡ ಕಣೋ, ಮತ್ತೆ ಯಾರಾದ್ರೂ ಹೊತ್ಕೊಂಡು ಹೋಗ್ತಾರೆ. ಅರ್ಧ ಹೂತು ನಿಲ್ಲಿಸು. ಸಿಮೆಂಟ್ ಹಾಕು. ಅಕ್ಷರ ಈಚೆಗಿರಲಿ."

ಅಣ್ಣ ಹಾಗೆಯೇ ಮಾಡಿದ. ವಾಪಸ್ ಮನೆಗೆ ಹೋದವನು ಸಂಜೆ ಮತ್ತೆ ಫೋನ್ ಮಾಡಿದ.

"ಅಮ್ಮಾ, ಪಕ್ಕದ ಮನೆಯ ಮೆಟ್ಟಿಲೂ ಅಂಥದೇ ಕಲ್ಲು. ಅವರೂ ಅದೇ ರಾಶಿಯಿಂದ ತಂದಿದ್ದಂತೆ. ಏನು ಮಾಡ್ಲಿ?"

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಅವನಿಗೆ ಹೇಳಿದಳು: "ಹಾರೆ ತಗೊಂಡು ಹೋಗು. ಅವರಿಗೆ ನಾನು ಹೇಳ್ತೀನಿ, ಫೋನ್ ಕೊಡು."