ಹುಳ್ಳಿಗೆ ಎಷ್ಟು ಸ್ಪೆಲ್ಲಿಂಗ್

ವಿಜಯನಗರದ ಹಿರಿಯ ನಾಗರಿಕರ ಸಭಾಂಗಣದ ಬಾಗಿಲಿಗೆ ‘ಬೇಸಿಕ್ ಕಂಪ್ಯೂಟರ್ ಕ್ಲಾಸ್’ ಎಂದು ಬೋರ್ಡು ಹಾಕಿದ್ದರು. ಬೇಸಿಕ್ ಎಂದರೆ ಅ ಆ ಇ ಈ ಎಂದು ನಾನು ತಿಳಿದೆ. ಫೋಟೋ ಕಳಿಸುವುದು, ಫೋನಿನಲ್ಲೇ ಮೆಟ್ರೋ ಟಿಕೆಟ್ ತೆಗೆಯುವುದು, ಇಂಥದ್ದೇನೋ ಹೇಳಿಕೊಡುತ್ತಾರೆ ಎಂದು ಬಸವೇಶ್ವರನಗರದಿಂದ ಆಟೋ ಮಾಡಿಕೊಂಡು ಹೋದೆ. ಮೇಷ್ಟ್ರು ಯಾವುದೋ ಕಾರ್ಖಾನೆಯಿಂದ ರಿಟೈರ್ ಆದವರು. ಮೊದಲ ದಿನವೇ ಬಿಳಿ ಹಲಗೆಯ ಮೇಲೆ ‘10 PRINT’ ಎಂದು ಬರೆದರು. ಪ್ರಿಂಟ್ ಎಂದ ಮೇಲೆ ಕಾಗದ ಬರಬೇಕಲ್ಲ ಎಂದು ನಾನು ಲ್ಯಾಪ್‌ಟಾಪಿನ ಹಿಂದೆ ಮುಂದೆಲ್ಲ ಬಗ್ಗಿ ನೋಡಿದೆ. ಬೇಸಿಕ್ ಎನ್ನುವುದು ಕಂಪ್ಯೂಟರಿಗೆ ಅಪ್ಪಣೆ ಕೊಡುವ ಒಂದು ಹಳೆಯ ಭಾಷೆಯ ಹೆಸರು ಎಂದು ನನಗೆ ತಿಳಿದದ್ದು ಮೂರನೇ ಕ್ಲಾಸಿನಲ್ಲಿ. ಅಷ್ಟರಲ್ಲಿ ಬಿಟ್ಟು ಬರುವುದಕ್ಕೆ ನಾಚಿಕೆಯಾಯಿತು. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಬೋರ್ಡು ಸರಿಯಾಗಿ ಓದಲಿಲ್ಲ ಎಂದು ಯಾರ ಹತ್ತಿರ ಹೇಳಿಕೊಳ್ಳಲಿ?

ನನಗೆ ಗೊತ್ತಿದ್ದ ‘ಲೆಟ್’ ಒಂದೇ, ಬೆಳಿಗ್ಗೆ ಅಸೆಂಬ್ಲಿಯಲ್ಲಿ ಸಿಸ್ಟರ್ ಹೇಳುತ್ತಿದ್ದ ‘ಲೆಟ್ ಅಸ್ ಪ್ರೇ’. ಇಲ್ಲಿ ಮೇಷ್ಟ್ರು ‘ಲೆಟ್ ಎಸ್ ಈಕ್ವಲ್ಸ್ ಎಸ್ ಪ್ಲಸ್ ಒನ್’ ಎಂದು ಬರೆದರು. ಎಸ್ ಎಂದರೆ ಸ್ಕೋರು. ಅದು ತನಗಿಂತ ಒಂದು ಜಾಸ್ತಿಗೆ ಸಮ ಹೇಗಾಗುತ್ತದೆ? ನಮ್ಮ ಲೆಕ್ಕದ ಸಿಸ್ಟರ್ ಮುಂದೆ ಹೀಗೆ ಬರೆದಿದ್ದರೆ ಫುಟ್‌ರೂಲರ್ ಗೆಣ್ಣಿನ ಮೇಲೆ ಬೀಳುತ್ತಿತ್ತು. “ಅದು ಸಮ ಅಂತ ಅಲ್ಲ ಮೇಡಂ, ಹಾಗೆ ಮಾಡ್ಕೋ ಅಂತ,” ಎಂದರು ಮೇಷ್ಟ್ರು. ಹೂಂ ಎಂದೆ. ಅರ್ಥವಾಗಿರಲಿಲ್ಲ.

ಎರಡು ತಿಂಗಳ ಮೇಲೆ, ಎಲ್ಲರೂ ಒಂದೊಂದು ಕ್ವಿಜ್ ಪ್ರೋಗ್ರಾಮ್ ಬರೆದುಕೊಂಡು ಬನ್ನಿ ಎಂದರು. ಕಂಪ್ಯೂಟರ್ ಪ್ರಶ್ನೆ ಕೇಳಬೇಕು, ನಾವು ಟೈಪ್ ಮಾಡಿದ ಉತ್ತರವನ್ನು ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು, ಸರಿಯೋ ತಪ್ಪೋ ಹೇಳಬೇಕು. ಆ ಡಬ್ಬಿಗೆ ಎ ಡಾಲರ್ ಎಂದು ಹೆಸರು. ಒಳಗೆ ಡಾಲರ್ ಏನೂ ಇರುವುದಿಲ್ಲವಂತೆ, ಅಕ್ಷರ ಇರುವ ಡಬ್ಬಿ ಎನ್ನುವುದಕ್ಕೆ ಆ ಗುರುತಂತೆ.

ಕ್ವಿಜ್ ಎಂದ ಕೂಡಲೇ ನನಗೆ ನೆನಪಾದವಳು ನನ್ನ ವಾರಗಿತ್ತಿ, ನನ್ನ ಮೈದುನನ ಹೆಂಡತಿ. ನಮ್ಮದೇ ಮನೆಯ ಮೇಲಿನ ಫ್ಲೋರಿನಲ್ಲಿದ್ದಾಳೆ. ಕೆಂಗೇರಿ ಆಚೆ ಬೇಸಾಯದ ಮನೆಯ ಹುಡುಗಿ, ಕನ್ನಡ ಮೀಡಿಯಮ್ಮಿನಲ್ಲಿ ಎಸ್ಸೆಸ್ಸೆಲ್ಸಿ. ಟೀವಿಯಲ್ಲಿ ಕ್ವಿಜ್ ಬಂದರೆ ಕುರ್ಚಿಯ ಮೇಲೆ ಕೂತವನು ಬಾಯಿ ತೆರೆಯುವ ಮೊದಲೇ ಇವಳು ಉತ್ತರ ಹೇಳಿ, “ಏನ್ ಗುರು, ಇಷ್ಟೂ ಗೊತ್ತಿಲ್ವಾ?” ಎಂದು ಅವನಿಗೆ ಬೈಯುತ್ತಾಳೆ.

ಅವಳು ನನ್ನೆದುರು ಏನನ್ನೂ ಬರೆಯುವುದಿಲ್ಲ. ಅವಳ ಮಗಳು ಚಿಕ್ಕವಳಿದ್ದಾಗ ಜ್ವರ ಬಂದು ಸ್ಕೂಲಿಗೆ ಲೀವ್ ಲೆಟರ್ ಕೊಡಬೇಕಾಗಿತ್ತು. ತಾನೇ ಇಂಗ್ಲಿಷಿನಲ್ಲಿ ಬರೆದು ನನಗೆ ತೋರಿಸಲು ತಂದಳು. ನಾನು ಕೆಂಪು ಪೆನ್ನು ತೆಗೆದು ಐದು ಕಡೆ ಸುತ್ತು ಹಾಕಿ, ಕೆಳಗೆ ‘ಫೋರ್ ಔಟ್ ಆಫ್ ಟೆನ್’ ಎಂದು ಬರೆದೆ. ತಮಾಷೆಗೆ. ಊಟಕ್ಕೆ ಕೂತಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಅದಾಗಿ ಮೂವತ್ತು ವರ್ಷ ದಾಟಿತು. ಅವಳ ತಂಗಿಗೆ ವಾಟ್ಸಾಪಿನಲ್ಲಿ ಎರಡೂ ಹೆಬ್ಬೆರಳಿನಲ್ಲಿ ಟಪಟಪ ಟೈಪ್ ಮಾಡುವುದನ್ನು ನಾನೇ ಕಂಡಿದ್ದೇನೆ. ನನಗೆ ಮಾತ್ರ ಮೇಲಿನ ಮನೆಯಿಂದ ವಾಯ್ಸ್ ಮೆಸೇಜು. “ಅಕ್ಕಾ, ಕರಿಬೇವು ಇದ್ಯಾ?”

ಈ ಕ್ವಿಜ್ ಅವಳಿಗಾಗಿಯೇ ಬರೆಯುತ್ತೇನೆ ಎಂದುಕೊಂಡೆ. ಪ್ರಶ್ನೆಗಳೆಲ್ಲ ಅವಳಿಗೆ ಗೊತ್ತಿರುವಂಥವು. ನನ್ನೆದುರು ಕೂತು ಅವಳು ನಾಲ್ಕು ಅಕ್ಷರ ಒತ್ತಿದರೆ ಸಾಕು. ಅಷ್ಟೇ ನನ್ನ ಆಸೆ, ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ.

ಬರೆಯುವುದಕ್ಕೆ ಮೂರು ವಾರ ಹಿಡಿಯಿತು. ಮೊದಲು ಸರಿ ಉತ್ತರ ಕೊಟ್ಟರೆ ‘ಕರೆಕ್ಟ್’ ಎಂದು ಹೇಳಿ, ಅದರ ಬೆನ್ನಿಗೇ ‘ರಾಂಗ್’ ಎಂದೂ ಹೇಳುತ್ತಿತ್ತು. ಇದಕ್ಕೆ ಯಾರ ಬುದ್ಧಿ ಬಂತಪ್ಪ ಎಂದು ತಲೆ ಕೆಡಿಸಿಕೊಂಡೆ. “ಸರಿ ಅಂದ್ಮೇಲೆ ಎಲ್ಲಿಗೆ ಹೋಗ್ಬೇಕು ಅಂತ ನೀವು ಹೇಳಿಲ್ಲ. ಪಾಪ, ಕೆಳಗಿನ ಸಾಲಿಗೆ ಇಳೀತಾ ಇದೆ,” ಎಂದು ಮೇಷ್ಟ್ರು ಒಂದು ‘ಗೋ ಟು’ ಹಾಕಿಸಿದರು. ಆ ಹಳೇ ಬೇಸಿಕ್‌ಗೆ ಕನ್ನಡ ಅಕ್ಷರ ಬರುವುದಿಲ್ಲ, ಆದ್ದರಿಂದ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ನನ್ನ ಕಣ್ಣಿಗೆ ಕ್ಯಾಪಿಟಲ್ ಅಕ್ಷರವೇ ಕಾಣುವುದು, ಹಾಗಾಗಿ ಎಲ್ಲ ಕ್ಯಾಪಿಟಲ್ಲು. ನಾನೇ ಹತ್ತು ಸಲ ಆಡಿ ನೋಡಿದೆ. ಹತ್ತು ಸಲವೂ ಫುಲ್ ಮಾರ್ಕ್ಸ್.

ಒಂದು ಶನಿವಾರ ಮಧ್ಯಾಹ್ನ ಅವಳನ್ನು ಕರೆದೆ.

“ನನ್ನನ್ಯಾಕಕ್ಕ? ನನಗೆ ಇದೆಲ್ಲ ಬರಲ್ಲ.”

“ಟೀವಿಯವನಿಗೆ ಬೈತೀಯಲ್ಲ, ಇದಕ್ಕೂ ಬೈಯಿ ಬಾರೇ.”

ಬಂದಳು. ಕೂತಳು. ಯಾವುದೋ ಕೀ ಒತ್ತಿ ಅಕ್ಷರವನ್ನು ಚಿಕ್ಕದು ಮಾಡಿಕೊಂಡಳು, ಫೋನಿನ ಅಭ್ಯಾಸ. ಸಂಕ್ರಾಂತಿಗೆ ಎಳ್ಳಿನ ಜೊತೆ ಬೀರುವುದು ಏನು ಎಂದು ಕಂಪ್ಯೂಟರ್ ಕೇಳಿತು. ಅವಳು ಒಂದೊಂದೇ ಅಕ್ಷರ ನೋಡಿಕೊಂಡು ‘bella’ ಎಂದು ಒತ್ತಿದಳು.

‘ರಾಂಗ್’ ಎಂದಿತು.

“ಬೆಲ್ಲ ಅಲ್ವಾ? ನಿಮ್ಮ ಕಡೆ ಉಪ್ಪು ಬೀರ್ತೀರಾ?” ಎಂದು ನಕ್ಕಳು. ಎತ್ತಿಗೂ ಹಾಕುತ್ತಾರೆ, ನಾವೂ ಸಾರು ಮಾಡಿಕೊಳ್ಳುತ್ತೇವೆ, ಯಾವ ಕಾಳು? ‘hulli’. ರಾಂಗ್. ಚಳಿಗಾಲದಲ್ಲಿ ಸೊಗಡು ಬರುವ ಕಾಯಿ? ‘avrekayi’. ರಾಂಗ್. ಕೊನೆಗೆ ‘ಯುವರ್ ಸ್ಕೋರ್ ಈಸ್ ಜೀರೋ’ ಎಂದು ಸಿಸ್ಟರ್ ಹಾಗೆ ನೆಟ್ಟಗೆ ಹೇಳಿತು.

“ನಿಮ್ಮ ಪೆಟ್ಟಿಗೇನೂ ಕಾನ್ವೆಂಟಲ್ಲೇ ಓದಿರ್ಬೇಕು ಕಣಕ್ಕ,” ಎಂದಳು. “ಒಲೆ ಮೇಲೆ ಹಾಲಿಟ್ಟಿದೀನಿ.” ಮೆಟ್ಟಿಲು ಹತ್ತಿ ಹೋದಳು.

ನಾನು ಆ ಕುರ್ಚಿಯಲ್ಲೇ ಕೂತು BELLA ಎಂದು ಒತ್ತಿದೆ. ಕರೆಕ್ಟ್. ಇನ್ನೊಂದು ಸಲ ಒತ್ತಿದೆ. ಕರೆಕ್ಟ್. ಅವಳ ಕೈಯಲ್ಲಿ ತಪ್ಪಾದ ಬೆಲ್ಲ ನನ್ನ ಕೈಯಲ್ಲಿ ಸರಿ ಹೇಗಾಯಿತು? ನಾಲ್ಕು ದಿನ ಮೇಲಿನಿಂದ ಕರಿಬೇವಿನ ಮೆಸೇಜೂ ಬರಲಿಲ್ಲ.

ಕ್ಲಾಸಿಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ.

“ಸಾರ್, ಉತ್ತರ ಸರಿಯಾಗೇ ಇತ್ತು.”

“ಯಾರು ಹೇಳಿದ್ದು ಸರಿ ಅಂತ?”

“ನಾನು.”

“ನೀವು ಹೇಳಿದ್ರೆ ಸಾಲ್ದು ಮೇಡಂ. ಅದಕ್ಕೆ ಬೆಲ್ಲ ಅಂದ್ರೇನು ಗೊತ್ತಿಲ್ಲ. ದೊಡ್ಡ ಬಿ, ದೊಡ್ಡ ಇ, ಎರಡು ದೊಡ್ಡ ಎಲ್, ದೊಡ್ಡ ಎ. ಅಷ್ಟೇ ಗೊತ್ತು. ಚಿಕ್ಕ ಬಿ ಕಂಡ್ರೆ, ನೀನ್ಯಾರು ಅನ್ನುತ್ತೆ.”

ಪಕ್ಕದಲ್ಲಿ ಕೂರುವ ಒಬ್ಬರು, “ಮೇಡಂ, ನಿಮ್ಮ ಮೆಷಿನ್‌ಗೆ ಶುಗರ್ ಇರ್ಬೇಕು, ಅದಕ್ಕೇ ಬೆಲ್ಲ ಬೇಡ ಅಂತಿದೆ,” ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಯಾವ ಅಕ್ಷರ ಒತ್ತಿದರೂ ದೊಡ್ಡದು ಮಾಡಿಕೊಳ್ಳುವ ಒಂದು ಮಾತನ್ನು ಮೇಷ್ಟ್ರು ಸೇರಿಸಿಕೊಟ್ಟರು. ಬೆಲ್ಲ ಸರಿಹೋಯಿತು. ಹುಳ್ಳಿ ಹೋಗಲಿಲ್ಲ. ನಾನು ಬರೆದಿದ್ದದ್ದು HURULI.

“ಅದು ಸ್ಪೆಲ್ಲಿಂಗೇ ಬೇರೆ ಆಯ್ತಲ್ಲ. ಅದಕ್ಕೆ ಔಷಧಿ ಇಲ್ಲ ಮೇಡಂ. ಅವರು ಏನೇನು ಬರೀಬಹುದೋ ಅಷ್ಟನ್ನೂ ನೀವು ಮೊದಲೇ ಸರಿ ಅಂತ ಬರೆದಿಟ್ಟುಬಿಡ್ಬೇಕು.”

“ಅವಳು ಏನು ಬರೀತಾಳೆ ಅಂತ ನನಗೆ ಹೇಗೆ ಗೊತ್ತಾಗುತ್ತೆ ಸಾರ್?”

“ಕೇಳಿ.”

ಕೇಳಿ ಎನ್ನುವುದು ಸುಲಭ. ಆಟೋದಲ್ಲಿ ಮನೆ ತಲುಪುವವರೆಗೂ ಹೇಗೆ ಕೇಳುವುದೆಂದು ಯೋಚಿಸಿದೆ. ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ಮೇಲೆ ಹೋದೆ. ಅವಳು ನೆಲದ ಮೇಲೆ ಕೂತು, ನೆನೆಸಿದ ಅವರೆಕಾಳಿನ ಸಿಪ್ಪೆ ಹಿಸುಕುತ್ತಿದ್ದಳು. ನಾನೂ ಗೋಡೆ ಹಿಡಿದುಕೊಂಡು ಕೂತೆ.

“ನಿನ್ನ ಉತ್ತರ ಮೂರೂ ಸರಿ ಇತ್ತು ಕಣೇ.”

“ಗೊತ್ತು.”

“ಗೊತ್ತಾ?”

“ಬೆಲ್ಲನ ಬೆಲ್ಲ ಅಲ್ಲ ಅಂದ್ರೆ ತಪ್ಪು ಯಾರದು ಅಂತ ಗೊತ್ತಾಗಲ್ವಾ? ನಾನೇನು ದಡ್ಡಿನಾ?”

“ಮತ್ತೆ ಯಾಕೆ ಎದ್ದು ಹೋದೆ?”

“ಹಾಲಿತ್ತು ಅಂದ್ನಲ್ಲ.” ನಾಲ್ಕು ಕಾಳು ಹಿಸುಕಿದಳು. “ತಪ್ಪು ಅಂತ ನಿಮ್ಮೆದುರೇ ಬಂತಲ್ಲಕ್ಕ. ಅದಕ್ಕೆ.”

ಇನ್ನು ಬಿಟ್ಟರೆ ಆಗುವುದಿಲ್ಲ ಎನ್ನಿಸಿ, “ಆವತ್ತು ಆ ಲೀವ್ ಲೆಟರ್, ನಿನ್ನ ಇಂಗ್ಲಿಷ್ ನೋಡಿ ನಾನು ನಗಬಾರದಾಗಿತ್ತು,” ಎಂದೆ.

ಅವಳು ತಲೆ ಎತ್ತಿದಳು. “ಇಂಗ್ಲಿಷಾ? ಇಂಗ್ಲಿಷ್ ತಪ್ಪಿತ್ತು, ತಪ್ಪು ಅಂದ್ರಿ. ಅದಕ್ಕೇನಂತೆ? ಮಗುಗೆ ಆವತ್ತು ನೂರಾ ಮೂರು ಜ್ವರ ಇತ್ತಕ್ಕ. ಅದನ್ನೇ ಬರ್ಕೊಂಡು ಬಂದಿದ್ದೆ ನಾನು. ನೀವು ಸ್ಪೆಲ್ಲಿಂಗ್ ನೋಡಿದ್ರಿ. ಜ್ವರ ಹೇಗಿದೆ ಅಂತ ಒಂದು ಮಾತು ಕೇಳಲಿಲ್ಲ.”

ಇಷ್ಟು ವರ್ಷ ನಾನು ಬೇರೆಯೇ ತಪ್ಪಿಗೆ ಒಳಗೊಳಗೇ ಕ್ಷಮೆ ಕೇಳುತ್ತಿದ್ದೆ. ಆ ಕಾಗದದಲ್ಲಿ ನೂರಾ ಮೂರು ಎಂದು ಇತ್ತೇ? ಇದ್ದಿರಬೇಕು. ನನಗೆ ನೆನಪಿರುವುದು ನಾನು ಹಾಕಿದ ಸುತ್ತುಗಳು ಮಾತ್ರ. “ಸಾರಿ” ಎಂದೆ. ಅದು ಬಾಯಲ್ಲೇ ಒಣಗಿತು. “ತಪ್ಪಾಯ್ತು ಕಣೇ,” ಎಂದೆ.

“ಆಯ್ತು ಬಿಡಿ. ಅವಳಿಗೇ ಈಗ ಬೆಳೆದ ಮಗಳಿದಾಳೆ.” ಹಿಸುಕಿದ ಬೇಳೆಯನ್ನು ಪಾತ್ರೆಗೆ ಹಾಕಿದಳು. “ಈಗೇನು ಬೇಕಂತೆ ನಿಮ್ಮ ಪೆಟ್ಟಿಗೆಗೆ?”

ಹುಳ್ಳಿಯನ್ನು ಎಷ್ಟು ಥರ ಬರೆಯಬಹುದು, ಹೇಳು, ಬರೆದುಕೊಳ್ಳುತ್ತೇನೆ ಎಂದೆ. ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಮೂರನೆಯದಕ್ಕೆ ಬಗ್ಗಿ ನೋಡಿದವಳು, “ಅಯ್ಯೋ, ಹಾಗಲ್ಲ. ನಾನು ಹೇಳೋದೊಂದು, ನೀವು ಬರೆಯೋದೊಂದು. ಕೊಡಿ ಇಲ್ಲಿ,” ಎಂದು ಕೈಯನ್ನು ಸೆರಗಿಗೆ ಒರೆಸಿಕೊಂಡು ಪೆನ್ಸಿಲ್ ಕಿತ್ತುಕೊಂಡಳು. hulli, urli, hurli, hullikal, ullikaalu. ದುಂಡಗಿನ, ಒಂದಕ್ಕೊಂದು ತಾಗದ ಅಕ್ಷರ. ಪುಟದ ಅರ್ಧ ತುಂಬಿಸಿದಳು. ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಅವಳ ಅವರೆಕಾಳನ್ನು ನಾನು ಹಿಸುಕತೊಡಗಿದೆ.

“ಇಷ್ಟೂ ಸರಿನಾ?” ಎಂದಳು.

“ಇಷ್ಟೂ ಸರಿ.”

ಮರುದಿನ ಅಷ್ಟನ್ನೂ ಒಂದೇ ಸಾಲಿನಲ್ಲಿ, ನಡುನಡುವೆ ಅಥವಾ ಎನ್ನುವ ‘ಆರ್’ ಹಾಕಿ ತುಂಬಿದೆ. ಓಡಿಸಿದರೆ ‘ಟೈಪ್ ಮಿಸ್‌ಮ್ಯಾಚ್’ ಎಂದು ನಿಂತುಬಿಟ್ಟಿತು. ಮತ್ತೆ ಓಡಿಸಿದೆ. ಮತ್ತೆ ಅದೇ. ಆ ಹೊತ್ತಿಗೆ ಸರಿಯಾಗಿ ಅವಳು ಕೆಳಗಿಳಿದು ಬಂದಳು.

“ಒಪ್ಕೊಂಡ್ತಾ ಅಕ್ಕ?”

“ಇಲ್ಲ ಕಣೇ. ಟೈಪ್ ಮಿಸ್‌ಮ್ಯಾಚ್ ಅಂತಿದೆ.”

“ಹಾಗಂದ್ರೆ?”

“ಇಂಗ್ಲಿಷ್ ಅರ್ಥ ಆಗುತ್ತೆ. ಅದು ಏನು ಹೇಳ್ತಿದೆ ಅಂತ ಅರ್ಥ ಆಗ್ತಿಲ್ಲ.”

ಅವಳು ಕನ್ನಡಕ ಏರಿಸಿಕೊಂಡು ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿದಳು. “ಮೊದಲನೇ ಹುಳ್ಳಿ ಹಿಂದೆ ಈ ಎ ಡಾಲರ್ ಈಕ್ವಲ್ ಅಂತ ಇದೆ. ಮಿಕ್ಕಿದ್ದವಕ್ಕೆ ಯಾಕಿಲ್ಲ?”

“ಗೊತ್ತಿಲ್ಲ ಕಣೇ.”

“ಹಾಕಿ ನೋಡಣ. ಅದೇನಾಗುತ್ತೆ?” ಎಂದಳು. ನಾನು ಕನ್ನಡಕ ಹುಡುಕುತ್ತಿದ್ದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ಅವಳಿಗಿರಲಿಲ್ಲ. “ಸ್ವಲ್ಪ ಸರೀರಿ ಅಕ್ಕ,” ಎಂದು ನನ್ನ ಕುರ್ಚಿಯ ಅರ್ಧಕ್ಕೆ ಕೂತು, ಎರಡನೇ ಹುಳ್ಳಿಯ ಹಿಂದೆ ಎ ಹುಡುಕಿ ಒತ್ತಿದಳು.