ಮಗುಚಿ ಕೂತ ಪಟ್ಟಿ

ನನ್ನ ಬರೆಯುವ ಮೇಜಿನ ಹಲಗೆಯಲ್ಲಿ ಅಂಗೈಯಗಲದ ಒಂದು ಪಟ್ಟಿ ಉಳಿದವುಗಳೊಡನೆ ಎಂದೂ ಹೊಂದಿಕೊಂಡಿಲ್ಲ. ಕಿಟಕಿಯ ಕಡೆಯಿಂದ ನೋಡಿದರೆ ಅದು ನೆರಳು, ಗೋಡೆಯ ಕಡೆಯಿಂದ ನೋಡಿದರೆ ಎಲ್ಲಕ್ಕಿಂತ ಹೊಳಪು. ಬಂದವರು ನೀರು ಚೆಲ್ಲಿದೆಯೆಂದು ಒರೆಸಲು ಹೋಗುತ್ತಾರೆ. ಮೊನ್ನೆಯವರೆಗೆ ಯಾರಿಗೂ ನಾನು ವಿವರಿಸಿದ್ದಿಲ್ಲ, ನಿಮಗೆ ಹೇಳುತ್ತೇನೆ.

ಅವ್ವ ಬೆಟಗೇರಿಯ ಸಣ್ಣದೊಂದು ಪ್ಲೈವುಡ್ ಕಾರ್ಖಾನೆಯಲ್ಲಿ ಜೋಡಿಸುವ ಕೆಲಸಕ್ಕಿದ್ದಳು. ಅಲ್ಲಿಗೆ ಬರುತ್ತಿದ್ದುದು ಸಣ್ಣ ಮರದ ತುಂಡುಗಳಾದ್ದರಿಂದ ಅವುಗಳಿಂದ ತೆಗೆದ ತೆಳು ಹಾಳೆಗಳಿಗೂ ಅಗಲ ಸಾಲದು. ಅಂಚಿಗೆ ಅಂಚು ಕೂಡಿಸಿ, ಸಂದಿನ ಮೇಲೆ ಒದ್ದೆ ಗೋಂದುಕಾಗದ ಎಳೆದರೆ ಬಾಗಿಲಗಲದ ಒಂದೇ ಹಾಳೆಯಾಗುತ್ತಿತ್ತು. ಅದನ್ನು ಪದರಗಳ ಮೇಲೆ ಅಂಟಿಸಿ ಒತ್ತಿ, ಕಾಗದವನ್ನು ಉಜ್ಜಿ ತೆಗೆದ ಮೇಲೆ ಕೂಡಿಸಿದ ಕೈಯ ಗುರುತೇ ಉಳಿಯಬಾರದು. ಹರಿದ ಎಳೆಯನ್ನು ಕಾಣದಂತೆ ಕೂಡಿಸುವ ನೇಕಾರರ ಮನೆಯಲ್ಲಿ ಹುಟ್ಟಿದ ಅವ್ವನಿಗೆ ಅದು ಹೊಸ ವಿದ್ಯೆಯಾಗಿರಲಿಲ್ಲ.

“ನೀಲವ್ವನ ಸಂದು ಹುಡುಕಿ ತೋರಿಸ್ರಿ, ಮೀಸಿ ಬೋಳಿಸ್ಕೋತೇನಿ!” ಎಂದು ಮಿಸ್ತ್ರಿ ಮಾಬುಸಾಬರು ಹೊಸಬರೆದುರು ಪಣ ಕಟ್ಟುತ್ತಿದ್ದರು.

ಧಾರವಾಡದಲ್ಲಿ ಓದುತ್ತಿದ್ದ ನಾನು ರಜೆಗೆ ಬಂದಾಗ ಅವಳಿಗೆ ಬುತ್ತಿ ಒಯ್ಯುತ್ತಿದ್ದೆ. ಒಮ್ಮೆ ಅವಳು ಕೈ ತೊಳೆಯಲು ಹೋದಾಗ, ಸುಮ್ಮನಿರಲಾರದೆ, ಒಂದು ಪಟ್ಟಿಯನ್ನು ನಾನೇ ಕೂಡಿಸಿದೆ, ಮಗುಚಿ. ಮರದ ಹಾಳೆಗೂ ಮೇಲ್ಮೈ, ಒಳಮೈ ಇರುತ್ತವೆ, ಬೆಳಕು ಅವುಗಳ ಮೇಲೆ ಬೇರೆಬೇರೆಯಾಗಿ ಬೀಳುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಉಜ್ಜುವ ಮುಂಚಿನ ಒರಟಿನಲ್ಲಿ ಅವಳಿಗೂ ಕಾಣಲಿಲ್ಲ. ಎರಡು ದಿನಗಳ ಮೇಲೆ, ನಾನು ಬುತ್ತಿಯೊಡನೆ ಅಲ್ಲೇ ಇದ್ದಾಗ, ಮಿಸ್ತ್ರಿ ಆ ಹಲಗೆಯನ್ನು ಬಾಗಿಲ ಬೆಳಕಿಗೆ ಹಿಡಿದರು.

“ಇದ್ಯಾರ್ದು ಕೆಲಸ? ಕುರುಡಗೂ ಕಾಣತೈತಿ ಈ ಪಟ್ಟಿ!”

“ಸಾಬರ, ಮೀಸಿ ಹೋತು ಬಿಡ್ರಿ!” ಎಂದು ಯಾರೋ ನಕ್ಕರು.

ಅವ್ವ ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು. “ನಂದರಿ. ಕಣ್ಣು ಮೊದಲಿನಂಗ ಇಲ್ಲ.”

ನಾನು ಬುತ್ತಿಯ ಗಂಟು ಬಿಚ್ಚುತ್ತಿದ್ದೆ. ಬಾಯಿ ಬಿಚ್ಚಲಿಲ್ಲ.

ಕಣ್ಣು ಮಂಜಾದವಳನ್ನು ಜೋಡಣೆಯಲ್ಲಿ ಇಡುವಂತಿರಲಿಲ್ಲ. ಮಿಸ್ತ್ರಿ ಕನಿಕರದಿಂದಲೇ ಅವಳನ್ನು ಅಂಟು ಕಲಸುವಲ್ಲಿಗೆ ಹಾಕಿದರು. “ಮಗಳಿಗೆ ಓದಾಕ ಮೇಜು ಮಾಡ್ಸವಾ” ಎಂದು ಆ ಹಲಗೆಯನ್ನೂ ಕೊಟ್ಟರು. ಅಂಟಿನ ವಾಸನೆ ಅವಳ ಸೀರೆಯನ್ನು ಕೊನೆಯವರೆಗೂ ಬಿಡಲಿಲ್ಲ. ಅವಳು ಆ ಮಾತನ್ನು ಎತ್ತಲಿಲ್ಲ. ನಾನು ಎತ್ತಬೇಕೆಂದಾಗಲೆಲ್ಲ ಅವಳು ಯಾವುದೋ ಕೆಲಸದಲ್ಲಿದ್ದಳು, ಅಥವಾ ಹಾಗೆಂದು ನಾನು ತಿಳಿದುಕೊಂಡೆ. ಈಗ ಅವಳಿಲ್ಲ.

ಅವಳು ಕೂಡಿಸಿದ ಹಾಳೆಗಳು ಮುಳಗುಂದದ, ಲಕ್ಷ್ಮೇಶ್ವರದ ಯಾವ ಬಾಗಿಲುಗಳಲ್ಲಿವೆಯೋ. ಹೋದಲ್ಲೆಲ್ಲ ಬೆರಳಾಡಿಸುತ್ತೇನೆ, ಸಿಗುವುದಿಲ್ಲ. ಸಿಗದಂತೆ ಮಾಡಿದ್ದೇ ಅವಳ ಹೆಮ್ಮೆಯಾಗಿತ್ತು. ನನ್ನ ತಪ್ಪಿನ ಎಡಬಲಕ್ಕಿರುವ ಈ ನಾಲ್ಕು ಪಟ್ಟಿಗಳು ಮಾತ್ರ ಅವಳವೆಂದು ಖಚಿತವಾಗಿ ಬಲ್ಲೆ.

ಮೊನ್ನೆ ಗೆಳತಿಯೊಬ್ಬಳು ಸೆರಗಿನಿಂದ ಒರೆಸಲು ಬಾಗಿದಳು. “ಅದು ನೀರಲ್ಲ, ತಪ್ಪು. ನಾ ಮಾಡಿದ್ದು,” ಎಂದೆ.

ಇಷ್ಟೇ ಮಾತು. ಅಂದು ಬುತ್ತಿಯ ಗಂಟು ಬಿಚ್ಚುವಷ್ಟರಲ್ಲಿ ಮುಗಿದುಹೋಗುತ್ತಿತ್ತು.